ಬಡತನವನ್ನು ಅಳೆಯುವುದು ಹೇಗೆ?



ಬಡತನ ಉಂಡವನಿಗೆ ಅದನ್ನು ಅಳೆದು ತೋರಿಸಬೇಕೆ ಎಂದು ನೀವು ಕೇಳಬಹುದು. ಆದರೆ ಯಾವ ತಾಲ್ಲೂಕಿಗೆ ಎಷ್ಟು ಹಣ ಎಂಬ ಮಾತು ಬಂದಾಗ ಸರ್ಕಾರ ನೋಡುವುದು ಅಳತೆಯನ್ನು. ಆದುದರಿಂದ ಅಳೆಯುವ ಕ್ರಮವನ್ನು ನಾವೂ ತಿಳಿದಿರಬೇಕು.

ಮೊದಲು ಸರಾಸರಿಯ ವಿಚಾರ. ಒಂದು ಕೆರೆಯ ಕೆಳಗೆ, ತೂಬಿನ ಹತ್ತಿರದ ಗದ್ದೆಯಲ್ಲಿ ಎಕರೆಗೆ 20 ಚೀಲ ಭತ್ತ, ನೀರು ಮುಟ್ಟದ ಕೊನೆಯ ಗದ್ದೆಯಲ್ಲಿ 4 ಚೀಲ ಬಂದಿತೆನ್ನಿ. ಸರಾಸರಿ 12 ಚೀಲ. ಕಾಗದದ ಮೇಲೆ ಇಬ್ಬರೂ ಸುಖಿಗಳು. ಕೊನೆಯ ಗದ್ದೆಯವನ ಕಣಜ ಮಾತ್ರ ಖಾಲಿ. ಜಿಲ್ಲೆಯ ಸರಾಸರಿಯೂ ಹೀಗೆಯೇ.

ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ತನ್ನ ವರದಿಯಲ್ಲಿ ತಾಲ್ಲೂಕನ್ನೇ ಹಿಡಿದು ಅಳೆಯಿತು. ವ್ಯವಸಾಯ, ಕೈಗಾರಿಕೆ, ರಸ್ತೆ, ಬ್ಯಾಂಕು, ವಿದ್ಯೆ, ಆರೋಗ್ಯ ಮುಂತಾದ 35 ಸೂಚಕಗಳನ್ನು ಕೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಆಗಿದ್ದ 175 ತಾಲ್ಲೂಕುಗಳಿಗೂ ಅಂಕ ಕೊಟ್ಟಿತು. 1ಕ್ಕಿಂತ ಕೆಳಗೆ ಬಿದ್ದವು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ದೇವದುರ್ಗ ಆ ಪಟ್ಟಿಯಲ್ಲಿದ್ದುದು ಯಾರಿಗೂ ಆಶ್ಚರ್ಯವಲ್ಲ. ಆದರೆ ಬೆಂಗಳೂರಿನ ಮಗ್ಗುಲಿನ ಮಾಗಡಿ, ಕನಕಪುರಗಳೂ ಅದರಲ್ಲಿದ್ದವು! ಆಗ ಇವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದವು. ಜಿಲ್ಲೆಯ ಲೆಕ್ಕವನ್ನಷ್ಟೇ ನೋಡಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಸಮಿತಿಯು ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚಕ್ಕೆ ಶಿಫಾರಸು ಮಾಡಿದ್ದು ಈ ಅಂಕಗಳ ಆಧಾರದ ಮೇಲೆಯೇ.

ಇನ್ನು ಮನೆಮನೆಯ ಬಡತನ. 2011-12ರಲ್ಲಿ ತೆಂಡೂಲ್ಕರ್ ಸಮಿತಿಯ ಕ್ರಮದಂತೆ ಹಳ್ಳಿಯ ಬಡತನದ ರೇಖೆ ಒಬ್ಬರಿಗೆ ತಿಂಗಳಿಗೆ 816 ರೂಪಾಯಿ ಖರ್ಚು. ದೇಶದಲ್ಲಿ ನೂರಕ್ಕೆ ಸುಮಾರು 22 ಮಂದಿ ಬಡವರು. ರಂಗರಾಜನ್ ಸಮಿತಿಯು 2014ರಲ್ಲಿ ಅದನ್ನು 972ಕ್ಕೆ ಏರಿಸಿತು, ಪಟ್ಟಣದ ರೇಖೆಯನ್ನೂ ಏರಿಸಿತು. ಅದೇ ವರ್ಷದ ಬಡವರು ನೂರಕ್ಕೆ ಸುಮಾರು 30 ಆದರು. ಯಾರ ಮನೆಯ ಗಂಜಿಯೂ ಹೆಚ್ಚುಕಡಮೆಯಾಗಲಿಲ್ಲ, ರೇಖೆ ಸರಿಯಿತು, ಅಷ್ಟೆ.

ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಖರ್ಚಿನ ಲೆಕ್ಕವಿಲ್ಲ. ಪೌಷ್ಟಿಕತೆ, ಓದು, ಕುಡಿಯುವ ನೀರು, ಕಕ್ಕಸು, ವಿದ್ಯುತ್ತು, ಉರುವಲು ಹೀಗೆ 12 ವಿಷಯಗಳಲ್ಲಿ ಮನೆಗೆ ಏನೇನು ಕೊರತೆಯಿದೆ ಎಂದು ಅದು ನೋಡುತ್ತದೆ. ಇದು ನನಗೆ ಹೆಚ್ಚು ಸರಿಯೆನಿಸುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಆಯ್ದ ಮನೆಗಳಿಗೆ ಬಂದು ಬರೆದುಕೊಂಡ ಉತ್ತರಗಳೇ ಇದಕ್ಕೆ ಆಧಾರ. ಒಂದು ಮನೆಯ ಉತ್ತರ ಎಷ್ಟೋ ಮನೆಗಳ ಪರವಾಗಿ ನಿಲ್ಲುತ್ತದೆ. ಈ ಸಮೀಕ್ಷೆಗೂ ನಿಮ್ಮ ರೇಷನ್ ಕಾರ್ಡಿಗೂ ಸಂಬಂಧವಿಲ್ಲ. ಹೆದರಿ ಇದ್ದುದನ್ನು ಮುಚ್ಚುವುದೂ ಬೇಡ, ನಾಚಿ ಇಲ್ಲದ್ದನ್ನು ಇದೆಯೆನ್ನುವುದೂ ಬೇಡ. ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಇದ್ದು, ಅಡುಗೆ ಹೆಚ್ಚಾಗಿ ಸೌದೆ ಒಲೆಯಲ್ಲೇ ನಡೆಯುತ್ತಿದ್ದರೆ ಸೌದೆ ಎಂದೇ ಬರೆಯಿಸಿ.