ಹುತ್ತದ ಅಣಬೆಗಳು: ಗುರುತು ಇರುವುದು ಬುಡದಲ್ಲಿ

ಮುಂಗಾರು ಮಳೆಗೆ ನೆಲ ಚೆನ್ನಾಗಿ ನೆನೆದ ಮೇಲೆ ಪಶ್ಚಿಮಘಟ್ಟದ ಕಾಡು ಮತ್ತು ಕಾಡಂಚಿನ ಬ್ಯಾಣಗಳಲ್ಲಿ ಹುತ್ತದ ಅಣಬೆಗಳು ಕೆಲವೇ ದಿನ ಕಾಣಿಸಿಕೊಳ್ಳುತ್ತವೆ. ಇವು ಟರ್ಮಿಟೋಮೈಸಿಸ್ ಕುಲಕ್ಕೆ ಸೇರಿದವು. ಗೆದ್ದಲುಗಳು ಕಟ್ಟಿಗೆ, ತರಗೆಲೆಗಳನ್ನು ತಿಂದು ವಿಸರ್ಜಿಸಿದ ವಸ್ತುವಿನಿಂದ ಗೂಡಿನೊಳಗೆ ಸ್ಪಂಜಿನಂಥ ಗಡ್ಡೆ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ಗೆದ್ದಲಿನ ಸಹವಾಸವಿಲ್ಲದೆ ಇವನ್ನು ಬೇಸಾಯ ಮಾಡಿ ಲಾಭ ಪಡೆಯುವುದು ಇನ್ನೂ ಸಾಧ್ಯವಾಗಿಲ್ಲ.

ಈ ಕುಲದ ಎರಡು ಪ್ರಭೇದಗಳನ್ನು ಹೀಗೆ ಗುರುತಿಸಬಹುದು.

ಟರ್ಮಿಟೋಮೈಸಿಸ್ ಹೈಮಿ: ಇದರ ಕೊಡೆ ದೊಡ್ಡದು, ಬಿಳಿ, ನಡುವೆ ಬೂದುಬಣ್ಣದ ಮೊಂಡು ಉಬ್ಬು ಇರುತ್ತದೆ. ಕಾಂಡದ ಮೇಲೆ ದಪ್ಪನೆಯ ಉಂಗುರವಿದೆ. ಕಾಂಡವು ನೆಲದೊಳಗೆ ಬೇರಿನಂತೆ ನೀಳವಾಗಿ ಇಳಿದು ಗೆದ್ದಲಿನ ಗಡ್ಡೆಯನ್ನು ಮುಟ್ಟುತ್ತದೆ.

ಟರ್ಮಿಟೋಮೈಸಿಸ್ ಮೈಕ್ರೊಕಾರ್ಪಸ್: ಕೊಡೆಯ ಅಗಲ ಸುಮಾರು 1 ರಿಂದ 2.5 ಸೆಂ.ಮೀ. ಮಾತ್ರ. ಉಂಗುರವಿಲ್ಲ, ನೀಳವಾದ ಬೇರೂ ಇಲ್ಲ. ಗೆದ್ದಲುಗಳು ಹೊರತಂದು ನೆಲದ ಮೇಲೆ ಹರಡಿದ ಗಡ್ಡೆಯ ಚೂರುಗಳಿಂದ ನೂರಾರು ಒಟ್ಟಿಗೆ ಏಳುತ್ತವೆ.

ಎರಡೂ ತಿನ್ನಲು ಯೋಗ್ಯ. ಆದರೆ ಉಂಗುರವಿರುವ ಬಿಳಿ ಅಣಬೆಗಳೆಲ್ಲ ಹೈಮಿ ಅಲ್ಲ. ಮಾರಕ ವಿಷದ ಕೆಲವು ಅಮಾನಿಟ ಅಣಬೆಗಳಿಗೂ ಬಿಳಿ ಕೊಡೆ ಮತ್ತು ಉಂಗುರ ಇರುತ್ತವೆ. ಅವುಗಳ ಬುಡದಲ್ಲಿ ಬಟ್ಟಲಿನಂಥ ಚೀಲವಿದ್ದು, ಅದು ಮಣ್ಣಿನಲ್ಲಿ ಮುಚ್ಚಿಹೋಗಿರುತ್ತದೆ. ಕಾಂಡವನ್ನು ಕೊಯ್ದರೆ ಅಥವಾ ಕಿತ್ತರೆ ಈ ಗುರುತು ನೆಲದಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಒಂದೆರಡು ಅಣಬೆಗಳನ್ನು ಬುಡಸಮೇತ ಅಗೆದು ನೋಡಬೇಕು.

ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಅರಳಿದ ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲಿಟ್ಟು, ರಾತ್ರಿಯಿಡೀ ಪಾತ್ರೆ ಮುಚ್ಚಬೇಕು. ಹುತ್ತದ ಅಣಬೆಯ ಬೀಜಕಣಗಳು ನಸುಗುಲಾಬಿ ಬಣ್ಣದ ಗುರುತು ಬಿಡುತ್ತವೆ. ಹಸಿರು ಬಣ್ಣ ಬಂದರೆ ಅದು ವಿಷದ ಕ್ಲೋರೊಫಿಲ್ಲಮ್ ಇರಬಹುದು. ಅಮಾನಿಟದ ಗುರುತು ಬಿಳಿ. ಈ ಪರೀಕ್ಷೆಯೊಂದನ್ನೇ ನಂಬದೆ, ಬುಡ, ಉಂಗುರ, ಬಣ್ಣ ಮೂರೂ ಹೊಂದಬೇಕು.

ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ಅಥವಾ ಹುಳು ತಿಂದಿದ್ದರೆ ಅಣಬೆ ನಿರ್ವಿಷ ಎಂಬ ನಂಬಿಕೆಗೆ ಆಧಾರವಿಲ್ಲ. ಮಾರಕ ಅಮಾನಿಟದ ವಿಷ ಬೇಯಿಸಿದರೂ ಹೋಗದು. ವಾಂತಿ, ಭೇದಿ ಸಾಮಾನ್ಯವಾಗಿ 6 ರಿಂದ 24 ಗಂಟೆಗಳ ನಂತರ ಆರಂಭವಾಗುತ್ತವೆ. ನಡುವೆ ಗುಣವಾದಂತೆ ಕಂಡರೂ ಯಕೃತ್ತು ಹಾಳಾಗುತ್ತಿರುತ್ತದೆ. ಸಂಶಯ ಬಂದ ಕೂಡಲೆ, ಉಳಿದ ಅಣಬೆಯ ಸಮೇತ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಗುರುತು ಖಚಿತವಾದ ಮೇಲೆ ಉಳಿದ ಅಣಬೆಗಳನ್ನು ನೆಲಮಟ್ಟದಲ್ಲಿ ಕೊಯ್ದರೆ ಸಾಕು. ಹುತ್ತವನ್ನು ಒಡೆಯಬಾರದು. ಗೆದ್ದಲಿನ ಗೂಡು ಉಳಿದರೆ ಮಾತ್ರ ಮುಂದಿನ ಮಳೆಗಾಲಕ್ಕೂ ಅಣಬೆ ಉಂಟು. ಒಂದು ಗುರುತು ತಪ್ಪಿದರೂ ಅದನ್ನು ಅಡಿಗೆಮನೆಗೆ ತರದಿರುವುದೇ ಕ್ಷೇಮ.