ಬುಡಾಪೆಸ್ಟ್‌ಗೆ ಹೊರಡುವ ಮುನ್ನ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ತಲುಪಿತು. ಮೂರನೇ ವರ್ಷದ ಒಂದು ಸೆಮಿಸ್ಟರ್ ಅಮೆರಿಕದ ಕಾಲೇಜು ಬಿಟ್ಟು ಬುಡಾಪೆಸ್ಟ್‌ನಲ್ಲಿ ಗಣಿತ ಓದುವ ಆಸೆ ನಿನಗೆ. ಅದರಿಂದ ಮುಂದೆ ಪಿಎಚ್.ಡಿ. ಸೀಟಿಗೆ ಅನುಕೂಲ ಆದೀತೇ ಎಂದು ಕೇಳಿದ್ದೀಯ. ನಿಮ್ಮಪ್ಪ ಬೇರೆ, "ಧಾರವಾಡದಿಂದ ಅಷ್ಟು ದೂರ ಕಳಿಸಿದ್ದು ಸಾಲದೇನಕ್ಕಾ, ಈಗ ಇನ್ನೊಂದು ದೇಶ ಬೇಕಾ?" ಎಂದು ಫೋನಿನಲ್ಲಿ ಗೊಣಗಿದ. ನಿನ್ನ ವಯಸ್ಸಿನ ಎಷ್ಟೋ ಮಕ್ಕಳು ಇದನ್ನೇ ಕೇಳುತ್ತಾರೆ. ಅಮೆರಿಕದಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು, ಪಿಎಚ್.ಡಿ. ಅರ್ಜಿಗಳನ್ನು ಕಂತೆಗಟ್ಟಲೆ ಓದಿದವಳು. ನಿನಗೆ ಬರೆಯುವುದನ್ನು ಆ ಮಕ್ಕಳೂ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೋಗು. ಆದರೆ ಅರ್ಜಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದೆ ಅನ್ನುವ ಕಾರಣಕ್ಕೆ ಹೋಗಬೇಡ. ಬುಡಾಪೆಸ್ಟ್‌ಗೆ ಹೋಗಿ ಬಂದ ಮಾತ್ರಕ್ಕೆ ಯಾರಿಗೂ ಸೀಟು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಪಿಎಚ್.ಡಿ. ಎಂದರೆ ಐದಾರು ವರ್ಷ ಬಿಡಿಸಲಾಗದ ಲೆಕ್ಕಗಳ ಜೊತೆ ಬಾಳುವುದು. ಬೆಳಗ್ಗೆ ಎದ್ದರೆ ಅದೇ ಲೆಕ್ಕ, ರಾತ್ರಿ ಮಲಗಿದರೂ ಅದೇ. ಆ ಬದುಕು ನಿನಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ಸಹಿ ಹಾಕುವ ಮೊದಲೇ ತಿಳಿಯಲು ಒಂದು ಸೆಮಿಸ್ಟರ್ ಸಿಗುತ್ತಿದೆ. ಇದಕ್ಕಾಗಿ ಹೋಗಬೇಕು.

ನೀನು ಹೇಳುವ 'ಬುಡಾಪೆಸ್ಟ್ ಸೆಮಿಸ್ಟರ್ಸ್ ಇನ್ ಮ್ಯಾಥಮ್ಯಾಟಿಕ್ಸ್' 1985ರಲ್ಲಿ ಶುರುವಾಯಿತು. ಪಾಲ್ ಏರ್ಡಿಶ್, ವೇರಾ ಶೋಶ್, ಲಾಸ್ಲೋ ಲೋವಾಸ್ ಅದರ ಹಿಂದಿದ್ದವರು. ಈ ಲೋವಾಸ್ ಅವರಿಗೇ 2021ರ ಆಬೆಲ್ ಪ್ರಶಸ್ತಿ ಬಂತು. ಅಮೆರಿಕ, ಕೆನಡಾಗಳಲ್ಲಿ ಪದವಿ ಓದುತ್ತಿರುವವರಿಗಾಗಿ ಮಾಡಿದ ವ್ಯವಸ್ಥೆ ಅದು. ಪಾಠ ಇಂಗ್ಲಿಷಿನಲ್ಲಿ, ಹೇಳುವವರು ಹಂಗೇರಿಯ ಗಣಿತಜ್ಞರು, ತರಗತಿಗಳು ಸಣ್ಣವು.

ಆ ಊರು ಗಣಿತಕ್ಕೆ ಯಾಕಿಷ್ಟು ಪ್ರಸಿದ್ಧ ಎನ್ನುವುದು ನಿನಗೆ ಗೊತ್ತಿರಬೇಕು. 1894ರಲ್ಲಿ ಹಂಗೇರಿಯಲ್ಲಿ ಹೈಸ್ಕೂಲು ಮಕ್ಕಳಿಗೆಂದೇ 'ಕೋಮಲ್' ಎಂಬ ಗಣಿತ ಪತ್ರಿಕೆ ಹೊರಟಿತು. ತಿಂಗಳು ತಿಂಗಳು ಲೆಕ್ಕಗಳು ಬರುತ್ತಿದ್ದವು, ಮಕ್ಕಳು ಉತ್ತರ ಬರೆದು ಕಳಿಸುತ್ತಿದ್ದರು, ಚೆನ್ನಾಗಿ ಬಿಡಿಸಿದವರ ಹೆಸರು ಅಚ್ಚಾಗುತ್ತಿತ್ತು. ಯಾವ ಊರಿನ ಯಾವ ಹುಡುಗ ಜಾಣ ಎಂಬುದು ಮುಖ ನೋಡುವ ಮೊದಲೇ ಒಬ್ಬರಿಗೊಬ್ಬರಿಗೆ ಗೊತ್ತು! ಆ ಪತ್ರಿಕೆ ಇಂದಿಗೂ ನಡೆಯುತ್ತಿದೆ.

ಹಾಗೆ ಬೆಳೆದ ಗೆಳೆಯರ ಗುಂಪೊಂದು 1930ರ ದಶಕದ ಆರಂಭದಲ್ಲಿ ಊರಿನ ದೊಡ್ಡ ಉದ್ಯಾನ ವಾರೋಶ್‌ಲಿಗೆಟ್‌ನಲ್ಲಿ, ಮುಖ ಕಾಣದಂತೆ ಮುಸುಕು ಹೊದ್ದ ಅನಾಮಿಕ ಚರಿತ್ರೆಕಾರನ ಪ್ರತಿಮೆಯ ಬಳಿ ಸೇರುತ್ತಿತ್ತು. ಅವರಲ್ಲಿ ಎಸ್ತರ್ ಕ್ಲೈನ್ ಎಂಬ ಹುಡುಗಿ 1933ರಲ್ಲಿ ಗೆಳೆಯರ ಮುಂದೆ ಒಂದು ಸಮಸ್ಯೆ ಇಟ್ಟಳು. ಈಗಲೇ ಒಂದು ಹಾಳೆ ತಗೋ. ಯಾವ ಮೂರೂ ಒಂದೇ ಗೆರೆಯ ಮೇಲೆ ಬೀಳದಂತೆ ಐದು ಚುಕ್ಕೆ ಇಡು. ಹೇಗೇ ಇಟ್ಟರೂ, ಅವುಗಳಲ್ಲಿ ನಾಲ್ಕು ಸೇರಿ ಒಳಕ್ಕೆ ತಗ್ಗದ ಒಂದು ಚತುರ್ಭುಜ ಆಗಿಯೇ ತೀರುತ್ತದೆ. ಯಾಕೆ?

ಚುಕ್ಕೆಗಳಿರುವಲ್ಲಿ ಮೊಳೆ ಹೊಡೆದು, ಎಲ್ಲವನ್ನೂ ಸುತ್ತಿ ಒಂದು ರಬ್ಬರ್ ಬ್ಯಾಂಡ್ ಹಾಕಿದೆ ಅಂದುಕೋ. ಬ್ಯಾಂಡ್ ನಾಲ್ಕು ಅಥವಾ ಐದು ಮೊಳೆಗೆ ತಾಗಿದರೆ ಕೆಲಸ ಮುಗಿಯಿತು. ಮೂರಕ್ಕೇ ತಾಗಿದರೆ ತ್ರಿಕೋನ, ಉಳಿದ ಎರಡು ಮೊಳೆ ಒಳಗೆ. ಆ ಎರಡರ ಮೂಲಕ ಒಂದು ಗೆರೆ ಎಳೆ. ತ್ರಿಕೋನದ ಮೂರು ಮೂಲೆಗಳಲ್ಲಿ ಎರಡಂತೂ ಗೆರೆಯ ಒಂದೇ ಕಡೆ ಉಳಿಯಬೇಕು. ಆ ಎರಡು ಮೂಲೆ, ಒಳಗಿನ ಎರಡು ಚುಕ್ಕೆ ಸೇರಿದರೆ ನಿನ್ನ ಚತುರ್ಭುಜ ಸಿಕ್ಕಿತು. ಇಷ್ಟೇ.

ಎಸ್ತರ್ ಅಲ್ಲಿಗೇ ಬಿಡಲಿಲ್ಲ. ಅಂಥದೇ, ಒಳಕ್ಕೆ ತಗ್ಗದ ಪಂಚಭುಜ ಬೇಕಾದರೆ ಎಷ್ಟು ಚುಕ್ಕೆ ಬೇಕು? ಒಂಬತ್ತು. ಷಡ್ಭುಜಕ್ಕೆ? ಹದಿನೇಳು ಎಂಬ ಉತ್ತರಕ್ಕೆ ಸಾಧನೆ ಸಿಕ್ಕಿ ಅಚ್ಚಾದದ್ದು 2006ರಲ್ಲಿ, ಅದೂ ಕಂಪ್ಯೂಟರ್ ಸಹಾಯದಿಂದ. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಜಾರ್ಜ್ ಸೆಕೆರೆಶ್, 1933ರಲ್ಲಿ ಆ ಪ್ರತಿಮೆಯ ಬಳಿ ಕೂರುತ್ತಿದ್ದ ಗುಂಪಿನವರೇ. ಸಾಮಾನ್ಯ ಉತ್ತರ ಏನಿರಬಹುದೆಂದು ಅವರೂ ಏರ್ಡಿಶರೂ ಊಹಿಸಿದ್ದರು. 2016ರಲ್ಲಿ ಆಂಡ್ರ್ಯೂ ಸುಕ್ ಅದರ ತೀರ ಹತ್ತಿರಕ್ಕೆ ಬಂದರು. ಪೂರ್ತಿ ಸಾಧನೆ ಇನ್ನೂ ಆಗಿಲ್ಲ. ಜಾರ್ಜ್ ಮತ್ತು ಎಸ್ತರ್ 1937ರಲ್ಲಿ ಮದುವೆಯಾದರು. ಯಹೂದಿಗಳಾದ ಅವರು ಶಾಂಘೈಗೆ ಓಡಿಹೋಗಿ, ಅಲ್ಲಿಂದ ಆಸ್ಟ್ರೇಲಿಯಾ ಸೇರಿದರು. 2005ರ ಆಗಸ್ಟ್ 28ರಂದು ಇಬ್ಬರೂ ಅಡಿಲೇಡ್‌ನಲ್ಲಿ ತೀರಿಕೊಂಡರು, ಒಂದೇ ದಿನ.

ಇದನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಅಮೆರಿಕದ ಬಹಳಷ್ಟು ತರಗತಿಗಳಲ್ಲಿ ಮೊದಲು ಪ್ರಮೇಯ ಹೇಳಿ, ಆಮೇಲೆ ಅದನ್ನು ಬಳಸುವ ಲೆಕ್ಕ ಕೊಡುತ್ತಾರೆ. ಹಂಗೇರಿಯವರು ಲೆಕ್ಕದಿಂದ ಶುರುಮಾಡುತ್ತಾರೆ. ನಿನಗೆ ಗೊತ್ತಿರುವುದರಲ್ಲೇ ಬಿಡಿಸಬಹುದಾದ, ಆದರೆ ಎರಡು ದಿನ ತಲೆ ತಿನ್ನುವ ಲೆಕ್ಕ. 'ಕಂಜೆಕ್ಚರ್ ಅಂಡ್ ಪ್ರೂಫ್' ಎಂಬ ಕೋರ್ಸು ಇದಕ್ಕೆ ಹೆಸರಾದದ್ದು, ಅದನ್ನು ಖಂಡಿತ ತಗೋ. ಪ್ರತಿ ವಾರ ಲೆಕ್ಕದ ಹಾಳೆ ಬರುತ್ತದೆ. ನಿನ್ನ ಕಾಲೇಜಿನಲ್ಲಿ ನೀನೇ ಮೊದಲಿಗಳು, ಅಲ್ಲಿ ಬರುವ ಎಲ್ಲರೂ ತಮ್ಮ ತಮ್ಮ ಕಾಲೇಜಿನಲ್ಲಿ ಮೊದಲಿಗರು. ಆರಂಭದ ವಾರಗಳಲ್ಲಿ ಅಳು ಬರುತ್ತದೆ, ಪುಟ್ಟಿ. ಪಕ್ಕದವನು ಐದು ನಿಮಿಷದಲ್ಲಿ ಬಿಡಿಸಿದ್ದು ನಿನಗೆ ಐದು ದಿನವಾದರೂ ಹೊಳೆಯುವುದಿಲ್ಲ. ಹಾಗಾದಾಗ ನಿನ್ನೊಳಗೆ ಏನಾಗುತ್ತದೆ ಎಂದು ಗಮನಿಸು. ಅವನ ಉತ್ತರ ಕೇಳಿ ಖುಷಿಯಾಗಿ, ಮುಂದಿನ ಲೆಕ್ಕಕ್ಕೆ ಕೈ ಹಾಕುವ ಆಸೆ ಹುಟ್ಟುತ್ತದೆಯೇ? ಅಥವಾ ಹಾಳೆ ಕಂಡರೇ ಹೊಟ್ಟೆ ಕಿವುಚುತ್ತದೆಯೇ? ಯಾವ ಗ್ರೇಡಿಗಿಂತಲೂ ಇದರ ಉತ್ತರವೇ ಮುಂದಿನ ಐದಾರು ವರ್ಷಗಳ ಬಗ್ಗೆ ನಿಜ ಹೇಳುತ್ತದೆ. ಒಗ್ಗುವುದಿಲ್ಲ ಎಂದು ಕಂಡರೆ ಅದರಲ್ಲಿ ನಾಚಿಕೆ ಏನೂ ಇಲ್ಲ. ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ ಅದನ್ನು ಕಂಡುಕೊಂಡು ಕಂಗೆಟ್ಟವರನ್ನು ಹತ್ತಿರದಿಂದ ನೋಡಿದ್ದೇನೆ. ಆ ಸಂಕಟ ನಿನಗೆ ಬೇಡ.

ಕೋರ್ಸುಗಳ ಆಯ್ಕೆಯಲ್ಲಿ ಮಾತ್ರ ಎಚ್ಚರ. ಕಾಂಬಿನೆಟೋರಿಕ್ಸ್, ಗ್ರಾಫ್ ಥಿಯರಿಗಳಿಗೆ ಆ ಊರಿಗೆ ಸಮ ಇಲ್ಲ. ಆದರೆ ಪಿಎಚ್.ಡಿ. ಮೊದಲ ವರ್ಷದ ಅರ್ಹತಾ ಪರೀಕ್ಷೆಗಳಲ್ಲಿ ಹೆಚ್ಚಾಗಿ ಕೇಳುವುದು ಅನಾಲಿಸಿಸ್, ಆಲ್ಜೀಬ್ರಾ, ಟೊಪಾಲಜಿ. ಆಯ್ಕೆ ಸಮಿತಿಯಲ್ಲಿ ಕೂತವರು ಮಾರ್ಕ್ಸ್ ಕಾರ್ಡ್ ಕೈಗೆತ್ತಿಕೊಂಡ ಕೂಡಲೇ ಹುಡುಕುವುದೂ ಅವನ್ನೇ. ನಿನ್ನ ಕಾಲೇಜು ಚಿಕ್ಕದು, ಅಲ್ಲಿ ಮೆಷರ್ ಥಿಯರಿ, ಗ್ಯಾಲ್ವಾ ಥಿಯರಿ ಹೇಳಿಕೊಡುವವರಿಲ್ಲ ಎಂದು ಬರೆದಿದ್ದೆ. ಬುಡಾಪೆಸ್ಟ್‌ನಲ್ಲಿ ಅವುಗಳಲ್ಲಿ ಒಂದನ್ನಾದರೂ ಮುಗಿಸು. ಒಟ್ಟು ನಾಲ್ಕು ಕೋರ್ಸು ಸಾಕು. ಐದು, ಆರು ತಗೊಂಡು ಎಲ್ಲವನ್ನೂ ಅರ್ಧಂಬರ್ಧ ಮಾಡಬೇಡ.

ಸಮಯದ ಮಾತು. ಅರ್ಜಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್‌ನಲ್ಲಿ, ಜೊತೆಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ನಾಲ್ಕನೇ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ ಹೋದರೆ ಅಲ್ಲಿನ ಮೇಷ್ಟ್ರಿಗೆ ನಿನ್ನ ಪರಿಚಯವಾಗುವ ಹೊತ್ತಿಗೆ ಅರ್ಜಿಯ ಗಡುವು ಬಂದಿರುತ್ತದೆ. ಮೂರನೇ ವರ್ಷವೇ ಸರಿ, ಅದರಲ್ಲೂ ಫೆಬ್ರವರಿಯಿಂದ ಮೇ ತನಕದ ಅವಧಿ ಒಳ್ಳೆಯದು. ಶಿಫಾರಸು ಪತ್ರಗಳಲ್ಲಿ ನನಗೆ ಬೆಲೆಯೆನಿಸಿದವು ಯಾವುವು ಗೊತ್ತೇ? 'ಈ ಹುಡುಗಿ ಬುದ್ಧಿವಂತೆ' ಎಂದು ಹೊಗಳಿದ್ದು ಎಲ್ಲ ಪತ್ರದಲ್ಲೂ ಇರುತ್ತದೆ. 'ನಾನು ತೋರಿಸಿದ್ದಕ್ಕಿಂತ ಬೇರೆ ದಾರಿಯಲ್ಲಿ ಮೂರನೇ ವಾರ ಬಂದು ಇಂಥ ಲೆಕ್ಕ ಬಿಡಿಸಿದಳು' ಎಂದಿದ್ದರೆ ನಾವೆಲ್ಲ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದೆವು. ವರ್ಷ ವರ್ಷ ಅಮೆರಿಕದ ವಿದ್ಯಾರ್ಥಿಗಳನ್ನು ಕಂಡ ಬುಡಾಪೆಸ್ಟ್ ಮೇಷ್ಟ್ರು ಹಾಗೆ ಬರೆದರೆ ಆ ಹೋಲಿಕೆಗೆ ತೂಕವಿದೆ. ಅಂಥ ಪತ್ರ ಬರಬೇಕಾದರೆ ಪಾಠ ಮುಗಿದ ಮೇಲೆ ಅವರ ಹತ್ತಿರ ಹೋಗಿ ಮಾತಾಡಬೇಕು. ನಮ್ಮ ಕಡೆಯ ಮಕ್ಕಳಿಗೆ ಮೇಷ್ಟ್ರ ಎದುರು ಬಾಯಿ ಬಿಡಲು ಸಂಕೋಚ. ನೀನು ಹಾಗೆ ಕೂರಬೇಡ.

ನಿನ್ನ ಅಮೆರಿಕನ್ ಗೆಳತಿಯರಿಗಿಲ್ಲದ ಒಂದು ತೊಡಕು ನಿನಗಿದೆ. ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣದಿಂದ ನಡೆಯುವ ಬೇಸಿಗೆಯ ಸಂಶೋಧನಾ ಶಿಬಿರಗಳ ನೆರವು ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ಭಾರತೀಯ ಪಾಸ್‌ಪೋರ್ಟಿನವರಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಹಾಗಾಗಿ ಇಂಥ ಸೆಮಿಸ್ಟರ್ ಅವರಿಗಿಂತ ನಿನಗೇ ಹೆಚ್ಚು ಅಗತ್ಯ. ತೊಂದರೆಯೂ ನಿನಗೇ ಹೆಚ್ಚು. ಅವರು ವೀಸಾ ಇಲ್ಲದೆ ವಿಮಾನ ಹತ್ತಬಹುದು. ವಾಸ 90 ದಿನ ಮೀರುವುದರಿಂದ ನೀನು ಹಂಗೇರಿಯ ಪರವಾನಗಿಗೆ ಮೊದಲೇ ಅರ್ಜಿ ಹಾಕಬೇಕು, ತಿಂಗಳುಗಳ ಮುಂಚೆ. ನಿನ್ನ ಎಫ್-1 ವಿದ್ಯಾರ್ಥಿ ವೀಸಾ ಸ್ಟಾಂಪಿನ ಅವಧಿ ನೋಡಿಕೋ. ಅದು ಮುಗಿದರೆ ಹೊಸದಿಲ್ಲದೆ ಅಮೆರಿಕಕ್ಕೆ ಮರಳುವಂತಿಲ್ಲ. ಬುಡಾಪೆಸ್ಟ್‌ನಲ್ಲಿ ಇರುವಷ್ಟು ಕಾಲ ನಿನ್ನ ಹೆಸರು ಕಾಲೇಜಿನ ಹಾಜರಿಯಲ್ಲೇ ಉಳಿಯುವ ಹಾಗೆ ನೋಡಿಕೋ. ಸ್ಕಾಲರ್‌ಶಿಪ್ ಹಣ ಬುಡಾಪೆಸ್ಟ್‌ಗೂ ಬರುತ್ತದೆಯೇ ಎಂದು ಬರಹದಲ್ಲೇ ಕೇಳು. ಬಾಯಿಮಾತು ನಂಬಬೇಡ. ಬರುವುದಿಲ್ಲ ಎಂದರೆ ಸಾಲ ಮಾಡಿ ಹೋಗುವುದಕ್ಕೆ ನಾನು ಒಪ್ಪುವುದಿಲ್ಲ. ಆಗ ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ 'ಮಾಸ್' ಕಾರ್ಯಕ್ರಮದಂಥ, ಅಮೆರಿಕದೊಳಗೇ ಇರುವ ದಾರಿ ನೋಡೋಣ.

ಊಟದ ಚಿಂತೆ ಬೇಡ. ಅಕ್ಕಿ, ಮೊಸರು, ತರಕಾರಿ ಸಿಗುತ್ತವೆ. ಅವರ ಪಾಪ್ರಿಕಾ ಪುಡಿ ನಮ್ಮ ಬ್ಯಾಡಗಿಯ ಹಾಗೆ, ಬಣ್ಣ ಗಾಢ, ಖಾರ ಕಡಿಮೆ. ಸೆಮಿಸ್ಟರ್‌ಗೆ ಮೊದಲು ಭಾಷೆಯ ತರಗತಿ ಇಟ್ಟರೆ ಸೇರಿಕೋ. ಹಂಗೇರಿಯನ್ ಕೂಡ ಕನ್ನಡದಂತೆ ಪದದ ಕೊನೆಗೆ ಪ್ರತ್ಯಯ ಹಚ್ಚುವ ಭಾಷೆ, ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ನಿನಗೆ ಬೇಗ ಹಿಡಿತಕ್ಕೆ ಬರಬಹುದು.

ನಿಮ್ಮಪ್ಪನಿಗೆ ಹೇಳಬೇಕಾದ್ದೂ ಒಂದಿದೆ. ಧಾರವಾಡಕ್ಕೂ ಬುಡಾಪೆಸ್ಟ್‌ಗೂ ಸಂಬಂಧವೇ ಇಲ್ಲ ಎಂದು ಅವನು ತಿಳಿದಿದ್ದಾನೆ, ಆದರೆ ಇದೆ. ಗ್ರಾಫ್ ಥಿಯರಿಯ ಮೊದಲ ಪಠ್ಯಪುಸ್ತಕವನ್ನು 1936ರಲ್ಲಿ ಬರೆದವರು ಬುಡಾಪೆಸ್ಟ್‌ನ ದೇನೆಶ್ ಕೋನಿಗ್. ಏರ್ಡಿಶ್‌, ಸೆಕೆರೆಶ್‌ ಅವರ ಗೆಳೆಯರ ಬಳಗಕ್ಕೆ ಆ ವಿಷಯದ ರುಚಿ ಹತ್ತಿಸಿದವರೂ ಅವರೇ. 1944ರ ಅಕ್ಟೋಬರ್‌ನಲ್ಲಿ ಹಂಗೇರಿಯ ನಾಜಿಗಳು ಅಧಿಕಾರ ಹಿಡಿದ ಕೆಲವೇ ದಿನಗಳಲ್ಲಿ ಅವರು ತಮ್ಮ ಪ್ರಾಣ ತಾವೇ ತೆಗೆದುಕೊಂಡರು. ಅವರು ಬಿಟ್ಟುಹೋದ ವಿಷಯ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬಂತು. ಒಂದು ಜಾಲದ ಎಲ್ಲ ಬಿಂದುಗಳಿಗೂ ನೆರೆಯಾಗಿ, ತಮ್ಮತಮ್ಮಲ್ಲೂ ಬೆಸೆದುಕೊಂಡಿರಲು ಕನಿಷ್ಠ ಎಷ್ಟು ಬಿಂದು ಬೇಕು ಎಂಬ ಪ್ರಶ್ನೆಯ ಮೇಲೆ ಅಲ್ಲಿನ ಸಂಪತ್ಕುಮಾರ್ ಮತ್ತು ವಾಲೀಕಾರ ಅವರ ಲೇಖನ 1979ರಲ್ಲಿ ಪ್ರಕಟವಾಯಿತು. ವೈರ್‌ಲೆಸ್ ಜಾಲಗಳನ್ನು ಕಟ್ಟುವವರು ಮುಂದೆ ಅದೇ ಕಲ್ಪನೆಯನ್ನು ಎತ್ತಿಕೊಂಡರು. ಗುಡ್ಡದ ಮೇಲಿನ ಆ ಕ್ಯಾಂಪಸ್ಸಿನ ಎದುರೇ ನಿಮ್ಮಪ್ಪ ದಿನಾ ಓಡಾಡುತ್ತಾನೆ.

ಅವನ ಹತ್ತಿರ ನಾನು ಭಾನುವಾರ ಮಾತಾಡುತ್ತೇನೆ. ಅಷ್ಟರೊಳಗೆ ನೀನು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ, ಮೇಲೆ ಬರೆದದ್ದನ್ನೆಲ್ಲ ಕೇಳಿ, ಅವರು ಏನೆಂದರು ಎಂದು ಬರೆ. ಎಸ್ತರಳ ಒಂಬತ್ತು ಚುಕ್ಕೆಯ ಲೆಕ್ಕವನ್ನೂ ಪ್ರಯತ್ನಿಸು. ಎಂಟು ಚುಕ್ಕೆ ಸಾಲದು ಎಂದು ತೋರಿಸುವ ಚಿತ್ರ ಸಿಕ್ಕರೆ ಫೋಟೋ ತೆಗೆದು ಕಳಿಸು.

ಇತಿ,
ನಿನ್ನ ಅತ್ತೆ