ಪತ್ರ ಬಂದಿದೆ, ಎಲ್ಲರೂ ಕೇಳಿ

ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಸುತ್ತ ಬೆಳೆದ ವಸತಿಯಲ್ಲಿ ಭಾನುವಾರ ಸಂಜೆ ಮನೆಕೂಟ ನಡೆಸುತ್ತೇನೆ. ಪಾಳಿ ಮುಗಿಸಿದವರು, ತೋಟದವರು, ಕಾಯಿ ಸುಲಿಯುವವರು, ಕಾಲೇಜು ಹುಡುಗರು ಬರುತ್ತಾರೆ. ಅವರ ಜೊತೆ ಹೊಸ ಒಡಂಬಡಿಕೆ ಓದುತ್ತ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಸಣ್ಣ ಪತ್ರದಿಂದ ಶುರುಮಾಡಿ. ಮತ್ತಾಯನ ವಂಶಾವಳಿಯಿಂದ ಹೊರಟವರು ಎಷ್ಟೋ ಸಲ ಅಲ್ಲೇ ನಿಂತುಬಿಡುತ್ತಾರೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಇರುವುದು 25 ವಚನ. ಸೆರೆಯಲ್ಲಿದ್ದ ಪೌಲನು ಒನೇಸಿಮನೆಂಬ ದಾಸನನ್ನು ಯಜಮಾನನ ಬಳಿಗೆ ಕಳಿಸುತ್ತ, ಇನ್ನು ಮೇಲೆ ಇವನನ್ನು ಒಡಹುಟ್ಟಿದವನಂತೆ ಸೇರಿಸಿಕೊಳ್ಳಬೇಕೆಂದು ಬೇಡುತ್ತಾನೆ; ಏನಾದರೂ ಬಾಕಿಯಿದ್ದರೆ ತಾನೇ ತೀರಿಸುವುದಾಗಿ ಒಪ್ಪುತ್ತಾನೆ. ಯಜಮಾನ ಏನು ಮಾಡಿದ? ಪತ್ರ ಹೇಳುವುದಿಲ್ಲ. ಉತ್ತರ ಕೊಡುವ ಆತುರ ನಿಮಗೂ ಬೇಡ.

2. ಗಟ್ಟಿಯಾಗಿ ಓದಿ, ಇಡಿಯಾಗಿ ಓದಿ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ, ಇದನ್ನು ಎಲ್ಲ ಸಹೋದರರ ಮುಂದೆ ಓದಿಸಲೇಬೇಕೆಂದು ಪೌಲನು ಆಣೆಯಿಟ್ಟು ಹೇಳುತ್ತಾನೆ. ರೋಮಾಪುರದವರಿಗೆ ಹೋದ ಪತ್ರವನ್ನು ಅವನು ಹೇಳಿ ಬರೆಸಿದ. ಬರೆದುಕೊಂಡ ತೆರ್ತ್ಯನು ನಡುವೆ ತನ್ನದೂ ಒಂದು ವಂದನೆ ಸೇರಿಸಿದ್ದಾನೆ. ಬಾಯಿಂದ ಹೊರಟು ಕಿವಿಗೆ ಬೀಳಬೇಕಾದ ಮಾತು ಇದು. ಅಕ್ಷರ ಬಾರದ ಅಜ್ಜಿಯರು ನಮ್ಮ ಕೂಟದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಿಡಿದುಕೊಳ್ಳುತ್ತಾರೆ.

3. ವಚನದ ಸಂಖ್ಯೆಗಳಿಗೆ ಕಟ್ಟುಬೀಳಬೇಡಿ. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೆಯ ಶತಮಾನದಲ್ಲಿ; ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು 1551ರ ಮುದ್ರಣದಲ್ಲಿ. ಕ್ಯಾಲೆಂಡರಿನಲ್ಲಿ ಅಚ್ಚಾದ ಒಂಟಿ ವಚನ ಧೈರ್ಯ ಕೊಡಬಹುದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಹಿಂದಿನ ಮಾತು, ಮುಂದಿನ ಮಾತು ತಿಳಿಯದೆ ಯಾರ ಬಾಳಿಗೂ ಅದನ್ನು ತೀರ್ಪಾಗಿ ಹೇರಬಾರದು.

4. ಪುಸ್ತಕಗಳು ಜೋಡಿಸಿರುವ ಸಾಲೇ ಬರೆದ ಸಾಲಲ್ಲ. ಪೌಲನ ಪತ್ರಗಳು ಕ್ರಿ.ಶ. 50ರ ಸುಮಾರಿಗೆ ಶುರುವಾದವು. ಮಾರ್ಕನ ಸುವಾರ್ತೆಯನ್ನು ಹೆಚ್ಚಿನ ವಿದ್ವಾಂಸರು 70ರ ಆಸುಪಾಸಿನದೆನ್ನುತ್ತಾರೆ. ಇದನ್ನು ಕೇಳಿ ಕೆಲವರು ಗಲಿಬಿಲಿಗೊಳ್ಳುತ್ತಾರೆ. ಆಗ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ ತೆಗೆಯಿರಿ. ಕ್ರಿಸ್ತನ ಮರಣ, ಪುನರುತ್ಥಾನದ ಸುದ್ದಿಯನ್ನು ತಾನೂ ಇನ್ನೊಬ್ಬರಿಂದ ಪಡೆದದ್ದೆಂದು ಪೌಲನು ಅಲ್ಲಿ ಹೇಳುತ್ತಾನೆ. ಬರಹಕ್ಕಿಂತ ಮೊದಲೇ ನಂಬಿಕೆ ಬಾಯಿಂದ ಬಾಯಿಗೆ ಸಾಗಿತ್ತು.

5. ಕೂಲಿ ಮಾಡುವವರನ್ನು ಮೊದಲು ಮಾತಾಡಲು ಬಿಡಿ. ಮತ್ತಾಯ 20ರಲ್ಲಿ ದ್ರಾಕ್ಷಿತೋಟದ ಯಜಮಾನ, ಸಂಜೆ ಒಂದೇ ತಾಸು ದುಡಿದವರಿಗೂ ಇಡೀ ದಿನದ ಕೂಲಿ ಕೊಡುತ್ತಾನೆ. ಕಾಯಿ ಎಣಿಸಿ ಕೂಲಿ ಪಡೆಯುವವರಿಗೆ ಇದು ಸುಲಭದ ಕಥೆಯಲ್ಲ. "ಬೆಳಿಗ್ಗೆಯಿಂದ ಸುಲಿದವನ ಗತಿ ಏನಣ್ಣ?" ಎಂದು ಒಬ್ಬರು ಕೋಪದಿಂದಲೇ ಕೇಳಿದರು. ಇನ್ನೊಬ್ಬಾಕೆ, ಕೆಲಸಕ್ಕೆ ಕರೆಯುವವರೇ ಇಲ್ಲದೆ ಸಂಜೆವರೆಗೆ ನಿಂತವನ ಮನೆಯಲ್ಲೂ ಒಲೆ ಉರಿಯಬೇಕಲ್ಲ ಎಂದರು. ಕೃಪೆಯ ಕುರಿತು ನಾನು ಸಿದ್ಧಮಾಡಿಕೊಂಡಿದ್ದ ವಿವರಣೆಯನ್ನು ಪಕ್ಕಕ್ಕಿಟ್ಟೆ. ಯೇಸುಸ್ವಾಮಿ ಈ ಸಾಮ್ಯವನ್ನು ಹೇಳಿದ್ದು ಕೂಲಿಯ ಕಷ್ಟ ಬಲ್ಲ ಜನರ ನಡುವೆ. ಗೊಣಗಿದವರ ನೋವು ಕೇಳಿಸದಿದ್ದರೆ ಯಜಮಾನನ ಔದಾರ್ಯವೂ ಕಾಣಿಸುವುದಿಲ್ಲ.

6. ತಿಳಿದದ್ದನ್ನು ಮುಚ್ಚಿಡಬೇಡಿ. ಮಾರ್ಕನ ಸುವಾರ್ತೆ 4ನೆಯ ಶತಮಾನದ ಸಿನಾಯ್, ವ್ಯಾಟಿಕನ್ ಹಸ್ತಪ್ರತಿಗಳಲ್ಲಿ 16:8ಕ್ಕೇ ನಿಲ್ಲುತ್ತದೆ. ಹೆಂಗಸರು ಹೆದರಿ ಸಮಾಧಿಯಿಂದ ಓಡಿಹೋಗುತ್ತಾರೆ. ಹುಡುಗರು ಇದನ್ನು ಫೋನಿನಲ್ಲಿ ಹೇಗೂ ಓದುತ್ತಾರೆ. ಪ್ರಾರ್ಥಿಸುವ ಕೂಟದಲ್ಲೇ ಕೇಳಿದರೆ ಆ ಭಯದ ಬಗ್ಗೆ ಒಟ್ಟಿಗೆ ಯೋಚಿಸಬಹುದು.

7. ನಮ್ಮ ಸೀಮೆಯ ಕಥೆಯನ್ನೂ ಹೇಳಿ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ಕ್ಕೆ ಕನ್ನಡದಲ್ಲಿ ಇಡೀ ಬೈಬಲ್ ಸಿದ್ಧವಾಗಿತ್ತು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ನೆರೆಯ ಗುಬ್ಬಿಯಲ್ಲಿ ನೆಲೆಯೂರಿದ್ದು 1837ರಲ್ಲಿ.

8. ಸುವಾರ್ತೆಗಳ ಓದು ಮುಗಿದ ಮೇಲೆ 'ದಿದಾಖೆ' ಓದಿ. ಆದಿ ಸಭೆಯ ಈ ಪುಟ್ಟ ಕೈಪಿಡಿಯ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಇದು ಸತ್ಯವೇದದ ಭಾಗವಲ್ಲ, ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಿ. ಊರಿಗೆ ಬಂದ ಬೋಧಕ ಮೂರು ದಿನ ಉಳಿದರೆ, ಇಲ್ಲವೆ ಹಣ ಕೇಳಿದರೆ, ಅವನು ಸುಳ್ಳು ಪ್ರವಾದಿ ಎಂದು ಅದರಲ್ಲಿದೆ. ನಮ್ಮಲ್ಲಿ ಆ ಭಾಗ ಓದಿದ ಸಂಜೆ ಕಾಣಿಕೆಯ ಲೆಕ್ಕವನ್ನು ಎಲ್ಲರ ಮುಂದೆ ಓದಬೇಕೆಂಬ ಮಾತು ಬಂತು. ಈಗ ತಿಂಗಳಿಗೊಮ್ಮೆ ಓದುತ್ತೇವೆ.